‘ಪೆಲಿನ್’ ಅಂದರೆ ದವನವೋ, ಮಾಚಿಪತ್ರೆಯೋ, ಬೇವೋ?

ಗೆಳೆಯರೇ,

ಬಲ್ಗೇರಿಯಾದ ಕತೆಗಾರ ಎಲಿನ್ ಪೆಲಿನ್ ಅವರ ‘ಕೊಸಾಚಿ’ (ಹುಲ್ಲು ಕೊಯ್ಯುವವರು) ಕತೆಯನ್ನು ಇಂಗ್ಲಿಷ್ ಮೂಲಕ ಕನ್ನಡಕ್ಕೆ ತರುತ್ತಿದ್ದೇನೆ. ಕತೆ ಹೆಚ್ಚುಕಡಿಮೆ ಮುಗಿಯಿತು. ನಾನು ಸಿಕ್ಕಿಹಾಕಿಕೊಂಡಿರುವುದು ಬರೆದವರ ಹೆಸರಿನಲ್ಲಿ.

ಅವರ ಹುಟ್ಟುಹೆಸರು ದಿಮಿತರ್ ಇವಾನೊವ್ ಸ್ತೊಯಾನೊವ್. 1877ರಲ್ಲಿ ಸೋಫಿಯಾ ಸೀಮೆಯ ಬಾಯ್ಲೊವೊ ಹಳ್ಳಿಯಲ್ಲಿ ಹುಟ್ಟಿದರು. ಅಲ್ಲೇ ಸ್ವಲ್ಪ ಕಾಲ ಮೇಷ್ಟ್ರಾಗಿದ್ದರು. 1949ರಲ್ಲಿ ತೀರಿಕೊಂಡರು. ಜೀವನವಿಡೀ ಬರೆದದ್ದು ಜಾಸ್ತಿ ರೈತರ ಬಗ್ಗೆಯೇ. 1911ರ ‘ಗೆರಾತ್ಸಿತೆ’ ಎಂಬ ನೀಳ್ಗತೆಯಲ್ಲಿ ಒಂದು ಕೂಡುಕುಟುಂಬ ಒಡೆಯುತ್ತದೆ. ಅಂಗಳದ ಹಳೆಯ ಪೈನ್ ಮರಕ್ಕೆ ಮನೆಯ ಮಗನೇ ಕೊಡಲಿ ಹಾಕುತ್ತಾನೆ. ಅದನ್ನು ಓದಿದ ರಾತ್ರಿ ನಮ್ಮ ದೊಡ್ಡಪ್ಪಂದಿರು ಪಾಲಾದ ದಿನ ನೆನಪಾಗಿ ನನಗೆ ನಿದ್ದೆ ಬರಲಿಲ್ಲ.

ಈಗ ಹೆಸರಿಗೆ ಬರುತ್ತೇನೆ. ‘ಪೆಲಿನ್’ ಒಂದು ಗಿಡ. ಬೂದು ಬಣ್ಣದ ಎಲೆ, ಗಾಢ ವಾಸನೆ, ವಿಪರೀತ ಕಹಿ. ಇಂಗ್ಲಿಷಿನವರು ವರ್ಮ್‌ವುಡ್ ಅನ್ನುತ್ತಾರೆ. ಬಲ್ಗೇರಿಯಾದ ಜನಪದ ಹಾಡುಗಳಲ್ಲಿ ಅದು ಸಂಕಟದ ಗುರುತು. ಅದಕ್ಕೇ ಅವರು ಆ ಹೆಸರು ಇಟ್ಟುಕೊಂಡದ್ದು. ಅದಕ್ಕೆ ಮೊದಲು ಬರುವ ‘ಎಲಿನ್’ ನನ್ನ ಕಿವಿಗೆ ಪ್ರಾಸದ ಹಾಗೆ ಕೇಳುತ್ತದೆ. ಎಲಿನ್, ಪೆಲಿನ್: ಎರಡನೇ ಅಕ್ಷರ ಎರಡರಲ್ಲೂ ಒಂದೇ. ನಮ್ಮ ಹಳೆಯ ಕವಿಗಳು ಪ್ರಾಸ ಅಂದದ್ದು ಇದನ್ನೇ ಅಲ್ವಾ!

ಹೆಸರನ್ನು ಅನುವಾದಿಸುವ ಆಲೋಚನೆ ನನಗಿಲ್ಲ. ಆದರೆ ಅರ್ಥ ಹೇಳುವ ಒಂದು ಸಾಲಾದರೂ ಬೇಕು. ಅಲ್ಲಿ ಯಾವ ಪದ ಹಾಕಲಿ?

ಗಿಡದ ಕುಲ ನೋಡಿದರೆ ನಮ್ಮ ದವನ ಪೆಲಿನ್‌ನ ಹತ್ತಿರದ ನೆಂಟ. ಎರಡೂ ಆರ್ಟಿಮಿಸಿಯ ಕುಲದವು. ಮಾಚಿಪತ್ರೆಯೂ ಅದೇ ಕುಲದ್ದು. ಆದರೆ ‘ದವನ’ ಅಂದ ಕೂಡಲೇ ಕನ್ನಡಿಗರಿಗೆ ಕನಕಾಂಬರದ ಜೊತೆ ಕಟ್ಟಿದ ಮಾಲೆಯ ಘಮ ಬರುತ್ತದೆ, ದವನದ ಹುಣ್ಣಿಮೆ ನೆನಪಾಗುತ್ತದೆ. ದುಃಖ ಎಲ್ಲಿಂದ ಬರಬೇಕು? ಮಾಚಿಪತ್ರೆಯೂ ಗಣೇಶನಿಗೆ ಏರಿಸುವ 21 ಪತ್ರೆಗಳಲ್ಲಿ ಒಂದು. ಮಂಗಳದ ಎಲೆ.

ಹಾಗಾದರೆ ಬೇವು? ಕಹಿ ಅಂದರೆ ನಮಗೆ ಮೊದಲು ಹೊಳೆಯುವುದು ಅದೇ. ಇನ್ನೂ ಒಂದು ಹೋಲಿಕೆ ಇದೆ. ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಆಸುಪಾಸಿನ ಒಂದು ವಾರ ರುಸಾಲ್ಕಿ ಎಂಬ ಮಾಯಾವಿ ಹೆಣ್ಣುಗಳು ಓಡಾಡುತ್ತಾರೆ ಎಂದು ಬಲ್ಗೇರಿಯಾದ ಹಳ್ಳಿಗರು ನಂಬುತ್ತಿದ್ದರು. ಅವರ ಕಾಟ ತಟ್ಟದಿರಲಿ ಎಂದು ಪೆಲಿನ್ ಸೊಪ್ಪನ್ನು ಮೈಮೇಲೆ ಇಟ್ಟುಕೊಳ್ಳುತ್ತಿದ್ದರು. ಅಮ್ಮ ಎದ್ದ ಮನೆಯ ಬಾಗಿಲಿಗೆ ನಾವು ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದೆವಲ್ಲ, ಹಾಗೇ. ನೆಂಟಸ್ತಿಕೆಯಲ್ಲಿ ದವನ, ಮಾಡುವ ಕೆಲಸದಲ್ಲಿ ಬೇವು.

ಆದರೂ ಬೇವು ನನಗೆ ಒಗ್ಗುತ್ತಿಲ್ಲ. ಬೇವು ಮರ, ನೆರಳು ಕೊಡುತ್ತದೆ. ಪೆಲಿನ್ ದಾರಿಯ ಪಕ್ಕ ತಾನಾಗಿಯೇ ಬೆಳೆಯುವ ಗಿಡ. ಹಳ್ಳಿಯ ಬಡವರ ಕತೆ ಬರೆದವರಿಗೆ ಆ ಗಿಡವೇ ಸರಿ. ಜೊತೆಗೆ, ಯುಗಾದಿಯ ದೆಸೆಯಿಂದ ಬೇವು ಅಂದರೆ ಬೆಲ್ಲವೂ ಹಿಂದೆಯೇ ಬಂದುಬಿಡುತ್ತದೆ.

ಎಕ್ಕದ ಗಿಡವನ್ನೂ ಯೋಚಿಸಿದೆ. ‘ಎಕ್ಕುಟ್ಟಿಹೋಗಲಿ’ ಎಂದು ನಮ್ಮ ಕಡೆ ಬೈಯುತ್ತಾರೆ. ಅಂದರೆ ಎಕ್ಕ ಹುಟ್ಟುವಷ್ಟು ಮನೆ ಹಾಳಾಗಲಿ ಎಂದು. ಅದು ಹಾಳು ಬಿದ್ದುದರ ಗುರುತು, ಮನಸ್ಸಿನೊಳಗಿನ ಸಂಕಟದ್ದಲ್ಲ.

ಸದ್ಯಕ್ಕೆ ‘ಪೆಲಿನ್: ಮಾಚಿಪತ್ರೆಯ ಜಾತಿಯ ಕಹಿ ಗಿಡ, ಆ ನಾಡಿನ ಹಾಡುಗಳಲ್ಲಿ ದುಃಖದ ಗುರುತು’ ಎಂದು ಬರೆದಿದ್ದೇನೆ. ಮಾಹಿತಿ ಸರಿಯಿದೆ, ಆದರೆ ಎದೆಗೆ ತಾಕುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ನಾನು ಅನುವಾದಿಸುತ್ತಿರುವ ‘ಕೊಸಾಚಿ’ಯಲ್ಲಿ ರಾತ್ರಿ ಬೆಂಕಿಯ ಸುತ್ತ ಕೂತವರಿಗೆ ಕತೆ ಹೇಳುವವನೊಬ್ಬನಿದ್ದಾನೆ. ಅವನ ಅಡ್ಡಹೆಸರು ‘ಬ್ಲಾಗೊಲಾಜ್’. ‘ಬ್ಲಾಗೊ’ ಅಂದರೆ ಸಿಹಿ, ‘ಲಾಜ್’ ಅಂದರೆ ಸುಳ್ಳು ಹೇಳುವುದು. ‘ಸವಿಸುಳ್ಳ’ ಎಂದು ಮಾಡಿದ್ದೇನೆ. ಊರಿನವರು ನಿಜಕ್ಕೂ ಹಾಗೆ ಕರೆದಾರೇ? ‘ಬುರುಡೆ’ ಅಂದರೆ ಅವನ ಮೇಲಿನ ಅಕ್ಕರೆ ಹೋಗಿಬಿಡುತ್ತದೆ. ಅಕ್ಕರೆಯಿರುವ ಬೇರೆ ಪದ ಗೊತ್ತಿದ್ದರೆ ತಿಳಿಸಿ.

ಜನಪದ ಹಾಡು ಬಲ್ಲವರಲ್ಲಿ ಮುಖ್ಯವಾಗಿ ಕೇಳುವುದು ಇಷ್ಟು. ತವರಿನ ಹಾಡು, ಬೀಸುವ ಹಾಡುಗಳಲ್ಲಿ ಹೆಣ್ಣುಮಕ್ಕಳು ತಮ್ಮ ಸಂಕಟವನ್ನು ಯಾವುದಾದರೂ ಗಿಡಕ್ಕೆ ಹೋಲಿಸಿದ್ದುಂಟೇ? ಆ ಗಿಡದ ಹೆಸರು, ಹಾಡು ಕೇಳಿದ ಸೀಮೆ, ಎರಡನ್ನೂ ಬರೆಯಿರಿ.