ಸಾಗರದ ಅಂಗಡಿಗೆ ಕ್ಲೌಡ್ ಫೋನ್: ಮಳೆಗಾಲದಲ್ಲಿ ನಂಬಬಹುದೇ?

ಪ್ರಶ್ನೆ – ಸಾಗರದ ವ್ಯಾಪಾರಿ

ಅಡಿಕೆ ಸುಲಿಯುವ ಯಂತ್ರ ಮತ್ತು ಔಷಧಿ ಹೊಡೆಯುವ ಪಂಪುಗಳ ಮಾರಾಟ, ದುರಸ್ತಿ ನಮ್ಮ ಕೆಲಸ. ಶಿವಮೊಗ್ಗದಲ್ಲಿ ಇನ್ನೊಂದು ಅಂಗಡಿಯಿದೆ. ನಾಲ್ವರು ಮೆಕ್ಯಾನಿಕ್‌ಗಳು ತೋಟದಿಂದ ತೋಟಕ್ಕೆ ತಿರುಗುತ್ತಿರುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ದಿನಗಳಲ್ಲಿ, ಮಳೆ ಸ್ವಲ್ಪ ಹೊಳವಾದೊಡನೆ ಎಲ್ಲರ ಪಂಪೂ ಒಟ್ಟಿಗೇ ಕೆಟ್ಟಂತೆ ಕರೆಗಳು ಬರುತ್ತವೆ. ಲೈನ್ ಸಿಗದವರು ಬೇರೆ ಅಂಗಡಿಗೆ ಹೋಗುತ್ತಾರೆ. ಕ್ಲೌಡ್ ಫೋನ್ (ಕರೆಗಳನ್ನು ಕಂಪನಿಯ ಸರ್ವರ್ ಮೂಲಕ ನಮ್ಮವರಿಗೆ ಹಂಚುವ ಸೇವೆ) ಹಾಕಿಸಿದರೆ ಕರೆಂಟು, ಇಂಟರ್ನೆಟ್ ಎರಡೂ ಹೋದಾಗ ಗತಿಯೇನು? ರೈತರು ಗೋಡೆಯ ಮೇಲೆ ಬರೆದಿಟ್ಟುಕೊಂಡಿರುವ ನಮ್ಮ ಹಳೆಯ 08183 ಸಂಖ್ಯೆಯನ್ನು ಏನು ಮಾಡಬೇಕು?

ಉತ್ತರ – ಶಿವಮೊಗ್ಗದಲ್ಲಿ ಫೋನ್, ನೆಟ್‌ವರ್ಕ್ ಕೆಲಸ ಮಾಡುವವನು

ಒಂದೇ ಹೆಸರಿನಲ್ಲಿ ಎರಡು ಬಗೆಯ ಸೇವೆಗಳು ಮಾರಾಟವಾಗುತ್ತಿವೆ. ಒಂದರಲ್ಲಿ ಆ್ಯಪ್ ಅಥವಾ ಐಪಿ ಫೋನಿನ ಮೂಲಕ, ಇಂಟರ್ನೆಟ್ ಮೇಲೆಯೇ ಮಾತುಕತೆ ನಡೆಯುತ್ತದೆ. ಇನ್ನೊಂದರಲ್ಲಿ ಕರೆ ಮೊದಲು ಕಂಪನಿಯ ಸರ್ವರ್ ತಲುಪಿ, ಅಲ್ಲಿಂದ ತಮ್ಮ ಮೆಕ್ಯಾನಿಕ್‌ನ ಸಾಧಾರಣ ಮೊಬೈಲಿಗೆ ಮಾಮೂಲಿ ಕರೆಯಾಗಿ ಬರುತ್ತದೆ. ಅಂಗಡಿಯಲ್ಲಿ ಇಂಟರ್ನೆಟ್ ಇರಲಿ, ಬಿಡಲಿ, ಗ್ರಾಹಕನಿಗೆ ಅದು ಗೊತ್ತಾಗುವುದೇ ಇಲ್ಲ. ತಮಗೆ ಬೇಕಿರುವುದು ಎರಡನೆಯದು. ಒಬ್ಬ ಎತ್ತದಿದ್ದರೆ ಮುಂದಿನವನಿಗೆ ಹೋಗುವಂತೆ, ಯಾರೂ ಎತ್ತದ ಕರೆಯ ಸಂಖ್ಯೆ ತಮಗೆ ಎಸ್ಎಂಎಸ್ ಬರುವಂತೆ ಮಾಡಿಸಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಕೊಟ್ಟ ಹಣ ವಸೂಲಾಗುವುದು ಈ ಎಸ್ಎಂಎಸ್ ಸೌಲಭ್ಯದಿಂದಲೇ.

ಮೊಬೈಲ್ ಸಂಖ್ಯೆಯಂತೆ ಸ್ಥಿರ ದೂರವಾಣಿ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವ ವ್ಯವಸ್ಥೆ ನಮ್ಮಲ್ಲಿಲ್ಲ. ಆದ್ದರಿಂದ 08183 ಸಂಖ್ಯೆಯನ್ನು ಬಿಡದೆ, ಅದಕ್ಕೆ ಬರುವ ಕರೆಗಳನ್ನು ಕ್ಲೌಡ್ ಸೇವೆಯ ಹೊಸ ಸಂಖ್ಯೆಗೆ ಫಾರ್ವರ್ಡ್ ಮಾಡಿಸಿ. ಕರೆ ಮಾಡುವವರಿಗೆ ಉಚಿತವಾದ 1800ರ ಸಂಖ್ಯೆ ಬೇಡ. ಅದರ ಖರ್ಚೆಲ್ಲ ತಮ್ಮ ಮೇಲೆ ಬೀಳುತ್ತದೆ, ಅನ್‌ಲಿಮಿಟೆಡ್ ಪ್ಲಾನ್ ಇರುವ ರೈತರಿಗೆ ಅದರಿಂದ ಉಳಿತಾಯವೂ ಇಲ್ಲ.

ಉತ್ತರ – ತೀರ್ಥಹಳ್ಳಿ ಕಡೆಯ ಹೋಂಸ್ಟೇ ಮಾಲೀಕ

ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. ಪೇಟೆಯಲ್ಲಿ ಅದು ಸರಿ. ಆದರೆ ನಮ್ಮ ಮನೆಯಂಥ ಕಡೆ ಮೊಬೈಲ್ ಸಿಗ್ನಲ್ಲೇ ಇಲ್ಲ, ಫೈಬರ್ ಮಾತ್ರ ಇದೆ. ನಾನು ಮೊದಲು ಮೊಬೈಲಿಗೆ ಕರೆ ಬರುವ ಸೇವೆಯನ್ನೇ ತೆಗೆದುಕೊಂಡು, ಒಂದು ತಿಂಗಳು ಮಿಸ್ಡ್ ಕಾಲ್‌ಗಳ ಪಟ್ಟಿಯನ್ನಷ್ಟೇ ಓದಿದೆ. ಆಮೇಲೆ ಫೋನಿನಲ್ಲಿ ವೈಫೈ ಕಾಲಿಂಗ್ (ಸಿಗ್ನಲ್ ಇಲ್ಲದಿದ್ದರೂ ವೈಫೈ ಮೂಲಕ ಮಾಮೂಲಿ ಕರೆ ಬರುವ ವ್ಯವಸ್ಥೆ) ಚಾಲೂ ಮಾಡಿ, ರೌಟರ್ ಜೊತೆಗೆ ಫೈಬರ್ ಡಬ್ಬಿಯನ್ನೂ ಇನ್ವರ್ಟರ್‌ಗೆ ಹಾಕಿಸಿದ ಮೇಲೆ ಅದೇ ಸೇವೆ ಸರಿಹೋಯಿತು. ಹೆಚ್ಚಿನವರು ರೌಟರಿಗೆ ಮಾತ್ರ ಬ್ಯಾಕಪ್ ಕೊಟ್ಟು ಆ ಡಬ್ಬಿಯನ್ನು ಮರೆಯುತ್ತಾರೆ. ಮರ ಬಿದ್ದು ಫೈಬರೇ ತುಂಡಾದರೆ ಮಾತ್ರ ಯಾವ ಬ್ಯಾಕಪ್ಪೂ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಮೆಕ್ಯಾನಿಕ್ ಸಿಗ್ನಲ್ ಇಲ್ಲದ ತೋಟದಲ್ಲಿದ್ದರೆ ಕರೆ ಅಂಗಡಿಗೇ ಬರಬೇಕೆಂಬುದು ಈಗ ಸ್ಪಷ್ಟವಾಯಿತು. 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಎಂಬ ಧ್ವನಿ ನಮ್ಮ ಹಿರಿಯ ಗ್ರಾಹಕರಿಗೆ ಹಿಡಿಸುತ್ತದೆಯೇ?

ಉತ್ತರ – ಶಿವಮೊಗ್ಗದವನು

ಹಿಡಿಸುವುದಿಲ್ಲ. ಮಾರಾಟಕ್ಕೊಂದು, ದುರಸ್ತಿಗೊಂದು, ಎರಡೇ ಆಯ್ಕೆ ಸಾಕು. ಏನೂ ಒತ್ತದವರ ಕರೆ ನೇರವಾಗಿ ದುರಸ್ತಿಗೆ ಹೋಗಲಿ. ಧ್ವನಿಯನ್ನು ತಾವೇ ಕನ್ನಡದಲ್ಲಿ ರೆಕಾರ್ಡ್ ಮಾಡಿ, ಪರಿಚಿತ ದನಿ ಕೇಳಿದರೆ ಅವರು ಫೋನ್ ಇಡುವುದಿಲ್ಲ. ಸಂಭಾಷಣೆ ದಾಖಲಿಸುವುದಾದರೆ ಅದನ್ನೂ ಆರಂಭದಲ್ಲೇ ಹೇಳಿಬಿಡಿ. ಒಪ್ಪಂದಕ್ಕೆ ಮುಂಚೆ ನಿಮಿಷದ ಲೆಕ್ಕ ವಿಚಾರಿಸಿ: ಒಳಬರುವ ಕರೆಗೆ, ಅದನ್ನು ಮೊಬೈಲಿಗೆ ಜೋಡಿಸುವುದಕ್ಕೆ ಬೇರೆ ಬೇರೆ ದರ ಹಾಕುವವರಿದ್ದಾರೆ.