ನೈರೋಬಿಯೋ, ದಾರ್ ಎಸ್ ಸಲಾಮೋ? ಇದ್ದು ಬಂದವರು ಹೇಳಿ

ಕೇಳಿದವರು, ಶಿವಮೊಗ್ಗ:
ನಮಸ್ಕಾರ. ಅಕೌಂಟ್ಸ್ ಕೆಲಸಕ್ಕೆ ಎರಡು ಕಡೆಯಿಂದ ಕರೆ ಬಂದಿದೆ. ಒಂದು ಕೀನ್ಯಾದ ನೈರೋಬಿ, ಇನ್ನೊಂದು ಟಾಂಜಾನಿಯಾದ ದಾರ್ ಎಸ್ ಸಲಾಮ್. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹೆಂಡತಿ, ಆರು ವರ್ಷದ ಮಗಳು ಜೊತೆಗೆ ಬರ್ತಾರೆ. ಇಂಟರ್ನೆಟ್‌ನಲ್ಲಿ ಸಿಗೋ ಪಟ್ಟಿಗಳನ್ನೆಲ್ಲ ನೋಡಿ ತಲೆ ಕೆಟ್ಟಿದ್ದೇ ಬಂತು. ಅಲ್ಲಿ ಸಂಸಾರ ಮಾಡಿದವರು ದಿನ ಹೇಗೆ ಕಳೆಯುತ್ತೆ ಅಂತ ಹೇಳಿದ್ರೆ ಉಪಕಾರ.

ನೈರೋಬಿಯಿಂದ, ಒಂಬತ್ತು ವರ್ಷ:
ಸರ್, ಮೊದಲು ಹವೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸ್ವೆಟರ್ ಬೇಕು. ನಮ್ಮನೇಲಿ ಫ್ಯಾನೇ ಇಲ್ಲ, ಬೇಕು ಅಂತಾನೂ ಅನಿಸಿಲ್ಲ. ಊರೊಳಗೆ ಮಲೇರಿಯಾ ಭಯ ತೀರಾ ಕಮ್ಮಿ.

ಬಾಡಿಗೆ ಮನೆ ನೋಡುವಾಗ ಕೋಣೆ ಎಣಿಸೋಕೆ ಮುಂಚೆ ನೀರು ಎಲ್ಲಿಂದ ಅಂತ ಕೇಳಿ. ನಗರದ ನೀರು ಪಾಳಿ ಮೇಲೆ ಬರುತ್ತೆ. ಮೊದಲನೇ ಮನೇಲಿ ಶನಿವಾರ ರಾತ್ರಿ ಎದ್ದು ಡ್ರಮ್ ತುಂಬಿಸೋದೇ ನನ್ನ ಕೆಲಸ ಆಗಿತ್ತು. ಬೋರ್‌ವೆಲ್ ಇದ್ದರೆ ಆ ಗೋಳಿಲ್ಲ, ಆದರೆ ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಮಗುವಿನ ಹಲ್ಲು ಹಾಳಾಗುತ್ತೆ, ಕುಡಿಯೋಕೆ ಕ್ಯಾನ್ ನೀರೇ ಸರಿ.

ಸಂಬಳ ಯಾವ ಕರೆನ್ಸಿಯಲ್ಲಿ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. 2024ರ ಜನವರಿಯಲ್ಲಿ ಡಾಲರ್‌ಗೆ 160 ಶಿಲ್ಲಿಂಗ್ ಹತ್ತಿರ ಹೋಗಿತ್ತು, ಕೆಲವೇ ತಿಂಗಳಲ್ಲಿ 130ರ ಆಸುಪಾಸಿಗೆ ಬಂತು. ಶಿಲ್ಲಿಂಗ್ ಸಂಬಳದಲ್ಲಿ ಊರಿಗೆ ಸಾಲದ ಕಂತು ಕಳಿಸುತ್ತಿದ್ದವರ ಮುಖ ಆಗ ನೋಡಬೇಕಿತ್ತು.

ಮೊಬೈಲ್‌ನಲ್ಲೇ ಹಣ ಕಳಿಸೋ ಎಂ-ಪೆಸಾ ಇಲ್ಲಿ 2007ರಲ್ಲೇ ಶುರು. ಯುಪಿಐ ನೋಡಿ ನಾವು ಬೀಗುವಂತಿಲ್ಲ. ಕತ್ತಲಾದ ಮೇಲೆ ಮಾತ್ರ ನಡೆದು ಓಡಾಡೋದು ಬಿಟ್ಟುಬಿಡಿ, ಫೋನ್ ಕಿತ್ಕೊಂಡು ಹೋಗ್ತಾರೆ. ನನ್ನದು ಎರಡು ಹೋಗಿದೆ.

ಉಡುಪಿ ಮೂಲ, ದಾರ್‌ನಲ್ಲಿ ಆರು ವರ್ಷ, ಈಗ ನೈರೋಬಿ:
ಎರಡೂ ಊರಿನ ಉಪ್ಪು ತಿಂದವಳು ನಾನು. ದಾರ್ ಅಂದರೆ ಮಂಗಳೂರೇ ಅಂದುಕೊಳ್ಳಿ: ತೆಂಗು, ಮಾವು, ಮೀನಿನ ವಾಸನೆ, ಮೈಗಂಟುವ ಸೆಕೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಏಸಿ ಇಲ್ಲದೆ ನಿದ್ದೆ ಬರುವುದಿಲ್ಲ. 2023ರ ಕೊನೆಯಲ್ಲಿ ಕರೆಂಟಿಗೂ ಪಾಳಿ ಬಂದಾಗ ಒದ್ದೆ ಬೈರಾಸು ಹೊದ್ದು ಮಲಗಿದ್ದುಂಟು. ರುಫಿಜಿ ನದಿಯ 2,115 ಮೆಗಾವ್ಯಾಟ್‌ನ ಜಲವಿದ್ಯುತ್ ಯೋಜನೆ 2024ರಲ್ಲಿ ಶುರುವಾದ ಮೇಲೆ ಆ ಕಾಟ ತಗ್ಗಿತು. ಸೊಳ್ಳೆಯ ಕಾಟ ತಗ್ಗಲಿಲ್ಲ. 2019ರ ಡೆಂಗ್ಯೂನಲ್ಲಿ ನಮ್ಮ ಮಗ ಹತ್ತು ದಿನ ಮಲಗಿದ್ದ. ಮಗಳಿಗೆ ಪರದೆ ಕಟ್ಟದೆ ಒಂದು ರಾತ್ರಿಯೂ ಮಲಗಿಸಬೇಡಿ.

ಇಷ್ಟಾದರೂ ನನಗೆ ದಾರ್ ಇಷ್ಟ. ಕಾರಣ ಭಾಷೆ. ನೈರೋಬಿಯಲ್ಲಿ ಇಂಗ್ಲಿಷ್ ಸಾಕು, ಹಾಗಾಗಿ ಎರಡು ವರ್ಷವಾದರೂ ಪಕ್ಕದ ಫ್ಲಾಟಿನವರ ಪರಿಚಯ ವಾಟ್ಸಾಪ್ ಗುಂಪಿನಲ್ಲಷ್ಟೇ. ದಾರ್‌ನಲ್ಲಿ ಸ್ವಾಹಿಲಿ ಬಾರದೆ ಸೊಪ್ಪು ಕೂಡ ಸಿಗುವುದಿಲ್ಲ. ಹಿರಿಯರನ್ನು ಕಂಡರೆ ‘ಶಿಕಮೂ’ ಅನ್ನಬೇಕು, ಅವರು ‘ಮರಹಬಾ’ ಅನ್ನುತ್ತಾರೆ, ಆಮೇಲೆ ಮನೆಯವರೆಲ್ಲ ಹೇಗಿದ್ದಾರೆ ಅಂತ ಕೇಳಬೇಕು. ಅದು ಬಿಟ್ಟು ನೇರ ‘ಟೊಮೆಟೊ ಎಷ್ಟು’ ಅಂದರೆ ಸೊಪ್ಪಿನಮ್ಮ ಮುಖ ತಿರುಗಿಸುತ್ತಾಳೆ. ಒಂದು ಸಲ ನಲ್ಲಿ ರಿಪೇರಿಯವನಿಗೆ ನಾಳೆ ‘ಸಾ ನ್ನೆ’ಗೆ ಬಾ ಅಂದೆ, ನಾಲ್ಕು ಗಂಟೆ ಅಂತ. ಅವರ ಗಡಿಯಾರ ಸೂರ್ಯ ಹುಟ್ಟಿದ ಮೇಲೆ ಎಣಿಸುತ್ತದೆ, ನಮ್ಮ ಏಳು ಅವರಿಗೆ ಒಂದು. ಅವನು ಬೆಳಿಗ್ಗೆ ಹತ್ತಕ್ಕೆ ಬಂದು ಬಾಗಿಲು ಬಡಿದು ಹೋಗಿದ್ದ. ನಾನು ಸಂಜೆ ನಾಲ್ಕರಿಂದ ಬಕೆಟ್ ಹಿಡಿದು ಕಾದೆ. ಮರುದಿನ ಇಡೀ ಬೀದಿಗೆ ಕಥೆ ಗೊತ್ತಿತ್ತು, ಅವತ್ತಿನಿಂದ ನಾನು ಆ ಬೀದಿಯವಳಾದೆ.

ನಿಮ್ಮ ಹೆಂಡತಿಗೆ ಎರಡೂ ದೇಶದಲ್ಲಿ ಅವಲಂಬಿತರ ಪಾಸ್ ಸಿಗುತ್ತದೆ, ಅದರ ಮೇಲೆ ಕೆಲಸ ಮಾಡುವಂತಿಲ್ಲ. ಹಗಲೆಲ್ಲ ಊರಿನ ಜೊತೆ ಇರುವವರು ಅವರು. ನಿಮ್ಮ ಉದ್ಯೋಗದ ಮುಂದಿನ ಮೆಟ್ಟಿಲು ನೋಡಿದರೆ ನೈರೋಬಿ, ಅವರ ಹಗಲು ನೋಡಿದರೆ ದಾರ್. ಅವರನ್ನೇ ಕೇಳಿದ್ದೀರಾ?

ಹುಬ್ಬಳ್ಳಿಯವರು, ದಾರ್‌ದಾಗ ಮೂರು ವರ್ಷ:
ಅಕ್ಕಾರು ಹೇಳಿದ್ದು ಖರೇ, ಆದ್ರ ದಾರ್ ಭಾಳ ಶಾಂತ ಊರು ಅಂತ ಕಣ್ಣು ಮುಚ್ಚಿ ಹೋಗಬ್ಯಾಡ್ರಿ. 2025ರ ಅಕ್ಟೋಬರ್ 29ಕ್ಕ ಚುನಾವಣೆ ದಿನ ಗಲಾಟಿ ಎದ್ದು ಕರ್ಫ್ಯೂ ಬಿತ್ತು, ಇಂಟರ್ನೆಟ್ ಬಂದ್. ಊರಾಗಿನ ಅವ್ವಗ ಚೆನ್ನಾಗಿದ್ದೀನಿ ಅಂತ ಒಂದು ಮೆಸೇಜ್ ಹೋಗ್ಲಿಲ್ಲ. ನೈರೋಬಿನೂ ಹಂಗ, 2024ರ ಜೂನ್‌ದಾಗ ತೆರಿಗಿ ಮಸೂದೆ ಅಂತ ಹುಡುಗ್ರು ಪಾರ್ಲಿಮೆಂಟ್ ಒಳಗ ನುಗ್ಗಿದ್ರು. ಮನ್ಯಾಗ ವಾರದ ಅಕ್ಕಿ, ಬ್ಯಾಳಿ, ಔಷಧ ಇಟ್ಕೊಂಡಿರ್ರಿ.

ಟಾಂಜಾನಿಯಾದಾಗ ವರ್ಕ್ ಪರ್ಮಿಟ್ ಬ್ಯಾರೆ, ರೆಸಿಡೆನ್ಸ್ ಪರ್ಮಿಟ್ ಬ್ಯಾರೆ. ಎರಡೂ ಕೈಗೆ ಬರೂತನಕ ಈಗಿನ ಕೆಲಸ ಬಿಡಬ್ಯಾಡ್ರಿ. ನಮ್ಮ ಕಂಪನಿಯವರು ‘ಬಂದ ಮ್ಯಾಲೆ ಮಾಡ್ಸೋಣು’ ಅಂತ ಕರಸ್ಕೊಂಡು ನಾಕು ತಿಂಗಳು ಸುಮ್ನ ಕುಂಡ್ರಿಸಿದ್ರು.

ಊಟದ ಚಿಂತಿ ಇಲ್ಲ. ‘ಮ್ತಾಮಾ’ ಅಂದ್ರ ನಮ್ಮ ಜೋಳ, ‘ಉಲೇಜಿ’ ಅಂದ್ರ ನಿಮ್ಮ ರಾಗಿ. ರೊಟ್ಟಿ ಬಡೀಲಿಕ್ಕೆ ಬರ್ತದ, ಹಿಟ್ಟು ಸ್ವಲ್ಪ ದಪ್ಪ ಅಷ್ಟ.

ಕೇಳಿದವರು, ಶಿವಮೊಗ್ಗ:
ಎಲ್ಲರಿಗೂ ಧನ್ಯವಾದ. ನಿಜ ಹೇಳ್ಬೇಕಂದ್ರೆ ಅವಳನ್ನ ಕೇಳಿರಲಿಲ್ಲ. ಈಗ ಇದೆಲ್ಲ ಓದಿಸಿದೆ. ಉತ್ತರ ಕೊಟ್ಟಿಲ್ಲ, ದಾರ್‌ಗೆ ಹೋದರೆ ತುರಿಮಣೆ ತಗೊಂಡು ಹೋಗ್ಬೇಕಾ ಅಂತ ಕೇಳ್ತಿದ್ದಾಳೆ.

ಉಡುಪಿ ಮೂಲ:
ಬೇಡ ಅನ್ನಿ, ಸೂಟ್‌ಕೇಸ್ ತೂಕ ಉಳಿಯಲಿ. ಕರಿಯಾಕೂ ಮಾರ್ಕೆಟ್‌ನಲ್ಲಿ ಕೂತು ತುರಿಯುವ ಮಣೆಯೇ ಸಿಗುತ್ತದೆ, ಹೆಸರು ‘ಮ್ಬುಜಿ ಯಾ ನಾಜಿ’, ತೆಂಗಿನಕಾಯಿಯ ಮೇಕೆ ಅಂತ ಅರ್ಥ. ಪೂರ್ತಿ ಹೆಸರು ಹೇಳಿ ಕೇಳಲಿ. ನಮ್ಮತ್ತೆ ಬರೀ ‘ಮ್ಬುಜಿ’ ಅಂದದ್ದಕ್ಕೆ ಒಬ್ಬ ಪುಣ್ಯಾತ್ಮ ಕೈಹಿಡಿದು ಮಾಂಸದಂಗಡಿ ಮುಂದೆ ನಿಲ್ಲಿಸಿದ್ದ. ಅವರು ಈರುಳ್ಳಿಯನ್ನೂ ಮುಟ್ಟದವರು.