ಸಹಾಯ ಬೇಕು: ತೋಟದ ಶೆಡ್ಡಿಗೆ ಕಳ್ಳರ ಕಾಟ

ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮನೆಯಿಂದ ದೂರವಿರುವ ತಗಡಿನ ಶೆಡ್ಡಿನಿಂದ ಕಳೆ ಕೊಚ್ಚುವ ಯಂತ್ರವೂ ಔಷಧಿ ಹೊಡೆಯುವ ಪಂಪೂ ಕಳುವಾಗಿವೆ. ಬೀಗ ಮಾತ್ರ ಭದ್ರವಾಗಿದೆ! ಕಳ್ಳರು ಚಿಲಕದ ಸ್ಕ್ರೂಗಳನ್ನೇ ಹೊರಗಿನಿಂದ ಬಿಚ್ಚಿದ್ದಾರೆ. ಠಾಣೆಗೆ ದೂರು ಕೊಟ್ಟಾಗಿದೆ.

ಇನ್ನು ಸ್ಕ್ರೂ ಬದಲು, ನುಣುಪು ತಲೆಯ ಬೋಲ್ಟ್ ತೂರಿಸಿ ಒಳಗಿನಿಂದ ನಟ್ ಬಿಗಿಸುವ ಯೋಚನೆಯಿದೆ. ಆದರೆ ತಗಡಿನ ಗೋಡೆಗೆ ಏನು ಮಾಡುವುದು? ಒಳಗಡೆ ಕಬ್ಬಿಣದ ಜಾಲರಿ ಹೊಡೆಸಿದವರು ಇದ್ದೀರಾ? ಕ್ಯಾಮೆರಾ ಇಡೋಣವೆಂದರೆ ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮಳೆಗಾಲದ ಕರೆಂಟಿನ ಮಾತು ಕೇಳುವುದೇ ಬೇಡ. ಜುಲೈ ತಿಂಗಳ ಮೋಡದಲ್ಲಿ ಸೋಲಾರ್ ದೀಪ ಚಾರ್ಜ್ ಆಗುತ್ತದೆಯೇ? ಬ್ಯಾಟರಿ ಸೈರನ್ ಬಳಸಿದವರು ದಯವಿಟ್ಟು ತಿಳಿಸಿ. ನಾಯಿ ಕಟ್ಟಿ ಎನ್ನಬೇಡಿ, ಚಿರತೆಯ ಭಯವಿದೆ. ಕಾಫಿ ಕೊಯ್ಲು ಶುರುವಾಗುವ ಮೊದಲೇ ಕೆಲಸ ಮುಗಿಸಬೇಕು.